ಒಂದೇ ಪುಸ್ತಕವನ್ನು 82 ಸಲ ಕೊಂಡವನು

ಮನೆಯಲ್ಲಿ ಒಂದೇ ಪುಸ್ತಕದ ಎರಡು ಪ್ರತಿ ಸೇರಿಕೊಂಡರೆ ನಾವೇನು ಮಾಡುತ್ತೇವೆ? ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಯಾರಿಗಾದರೂ ಕೊಟ್ಟುಬಿಡುತ್ತೇವೆ. ಹೆನ್ರಿ ಕ್ಲೇ ಫೋಲ್ಜರ್ ಎಂಬ ಅಮೆರಿಕದ ಎಣ್ಣೆ ಕಂಪನಿಯ ಸಾಹುಕಾರ ಒಂದೇ ಪುಸ್ತಕದ 82 ಪ್ರತಿ ಕೊಂಡ. ಒಂದನ್ನೂ ಯಾರಿಗೂ ಕೊಡಲಿಲ್ಲ.

ಆ ಪುಸ್ತಕ 1623ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಷೇಕ್ಸ್‌ಪಿಯರನ ನಾಟಕಗಳ ಸಂಪುಟ. ಅದನ್ನು ‘ಫಸ್ಟ್ ಫೋಲಿಯೋ’ ಎನ್ನುತ್ತಾರೆ. ದೊಡ್ಡ ಹಾಳೆಯನ್ನು ಒಂದೇ ಸಲ ಮಡಚಿ ಮಾಡಿದ ಪುಸ್ತಕಕ್ಕೆ ಫೋಲಿಯೋ ಎಂದು ಹೆಸರು. ಆಗ ಸುಮಾರು 750 ಪ್ರತಿ ಅಚ್ಚಾಗಿರಬೇಕು ಎಂದು ವಿದ್ವಾಂಸರ ಅಂದಾಜು. ಇವತ್ತು ಜಗತ್ತಿನಲ್ಲೆಲ್ಲ ಹುಡುಕಿದರೂ ಉಳಿದಿರುವುದು ಸುಮಾರು 235. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ವಾಷಿಂಗ್ಟನ್ನಿನ ಒಂದೇ ಕಟ್ಟಡದಲ್ಲಿದೆ. ಅದೇ ಫೋಲ್ಜರ್ ಷೇಕ್ಸ್‌ಪಿಯರ್ ಲೈಬ್ರರಿ. 2020ರಲ್ಲಿ ಬೇರೆಯವರ ಒಂದು ಪ್ರತಿ ನ್ಯೂಯಾರ್ಕಿನಲ್ಲಿ ಹರಾಜಾದಾಗ ಸುಮಾರು ಒಂದು ಕೋಟಿ ಡಾಲರ್ ಬಂತು. ಅಂಥವು 82!

ಇದು ಹಣ ಜಾಸ್ತಿಯಾದವನ ಹುಚ್ಚು ಅಂತ ಯಾರಿಗಾದರೂ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಈ ಹುಚ್ಚಿನಿಂದ ಷೇಕ್ಸ್‌ಪಿಯರನ ಪುಸ್ತಕ ಹೇಗೆ ತಯಾರಾಯಿತು ಎಂಬುದು ಮೊಳೆ ಮೊಳೆಯ (ಅಚ್ಚಿಗೆ ಜೋಡಿಸುವ ಬಿಡಿ ಅಕ್ಷರಕ್ಕೆ ಮೊಳೆ ಎನ್ನುತ್ತಾರೆ) ಲೆಕ್ಕದಲ್ಲಿ ಗೊತ್ತಾಯಿತು. ಹೇಗೆ ಅನ್ನುವುದಕ್ಕೆ ಮೊದಲು ಆ ಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು.

ಷೇಕ್ಸ್‌ಪಿಯರ್ ತೀರಿಕೊಂಡಿದ್ದು 1616ರಲ್ಲಿ. ಆತನ ಕೈಬರಹದ ನಾಟಕಪ್ರತಿಗಳು ನಮಗೆ ಉಳಿದಿಲ್ಲ. ಕೆಲವು ನಾಟಕಗಳು ಅವನು ಬದುಕಿದ್ದಾಗಲೇ ಬಿಡಿ ಪುಸ್ತಕಗಳಾಗಿ ಬಂದಿದ್ದವು, ಹಲವು ಬಂದಿರಲಿಲ್ಲ. ಅವನ ಜೊತೆ ರಂಗದ ಮೇಲಿದ್ದ ಜಾನ್ ಹೆಮಿಂಜ್ ಮತ್ತು ಹೆನ್ರಿ ಕಾಂಡೆಲ್ ಎಂಬ ಇಬ್ಬರು ನಟರು 36 ನಾಟಕಗಳನ್ನು ಒಟ್ಟುಮಾಡಿ ಈ ಸಂಪುಟ ತಂದರು. ಅದರಲ್ಲಿ 18 ನಾಟಕಗಳು ಅಲ್ಲಿಯವರೆಗೆ ಅಚ್ಚೇ ಆಗಿರಲಿಲ್ಲ. ‘ಮ್ಯಾಕ್‌ಬೆತ್’, ‘ಟೆಂಪೆಸ್ಟ್’, ‘ಜೂಲಿಯಸ್ ಸೀಸರ್’, ‘ಟ್ವೆಲ್ಫ್ತ್ ನೈಟ್’ ಎಲ್ಲ ಆ ಪಟ್ಟಿಯಲ್ಲಿವೆ. ಈ ಸಂಪುಟ ಬರದಿದ್ದರೆ ಬಹುಶಃ ಅವು ಇರುತ್ತಲೇ ಇರಲಿಲ್ಲ. ಹಾಗೆ ನೋಡಿದರೆ ಡಿವಿಜಿ ಅವರು ಕನ್ನಡಕ್ಕೆ ತಂದ ‘ಮ್ಯಾಕ್‌ಬೆತ್’, ಕುವೆಂಪು ಅವರು ‘ಟೆಂಪೆಸ್ಟ್’ ಇಟ್ಟುಕೊಂಡು ಬರೆದ ‘ಬಿರುಗಾಳಿ’ ಎರಡಕ್ಕೂ ಬೇರು ಈ ಒಂದೇ ಪುಸ್ತಕದಲ್ಲಿದೆ.

ಸರಿ, ಅಷ್ಟು ಮುಖ್ಯವಾದ ಪುಸ್ತಕ. ಆದರೆ ಒಂದು ಪ್ರತಿ ಸಾಲದೇ? ಅಚ್ಚು ಹಾಕಿದ ಮೇಲೆ ಎಲ್ಲವೂ ಒಂದೇ ಅಲ್ವಾ?

ಅಲ್ಲ. ಇಡೀ ವಿಷಯ ಇರುವುದೇ ಇಲ್ಲಿ.

ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಕಾಲ ನೆನಪಿದೆಯಾ? 500 ಪತ್ರಿಕೆಗೆ ಆರ್ಡರ್ ಕೊಟ್ಟಿರುತ್ತೀರಿ. 100 ಅಚ್ಚಾದ ಮೇಲೆ ನೋಡಲು ಹೋದ ಸೋದರಮಾವ ಬೀಗರ ಊರಿನ ಹೆಸರು ತಪ್ಪಾಗಿದೆ ಅನ್ನುತ್ತಾರೆ. ಪ್ರೆಸ್ಸಿನವನು ಯಂತ್ರ ನಿಲ್ಲಿಸಿ ಒಂದು ಮೊಳೆ ಕಿತ್ತು ಇನ್ನೊಂದು ಕೂರಿಸುತ್ತಾನೆ, ಮತ್ತೆ ಶುರು. ಆಗಲೇ ಅಚ್ಚಾದ 100ನ್ನು ಎಸೆಯುತ್ತಾರಾ? ಇಲ್ಲ. ಅಷ್ಟೇನೂ ಹತ್ತಿರದವರಲ್ಲದವರಿಗೆ ಅವೂ ಹೋಗುತ್ತವೆ.

1623ರ ಲಂಡನ್ನಿನಲ್ಲಿ ನಡೆದದ್ದೂ ಅದೇ. ಕಾಗದ ತುಂಬಾ ದುಬಾರಿ. ಅಚ್ಚು ನಡೆಯುತ್ತಿರುವಾಗಲೇ ಒಬ್ಬ ಒಂದು ಹಾಳೆ ತೆಗೆದು ಕರಡು ನೋಡುತ್ತಿದ್ದ. ಅಷ್ಟರಲ್ಲಿ ಯಂತ್ರ ನಿಲ್ಲುತ್ತಿರಲಿಲ್ಲ. ತಪ್ಪು ಸಿಕ್ಕರೆ ನಿಲ್ಲಿಸಿ ಮೊಳೆ ಬದಲಿಸಿ ಮುಂದುವರಿಸುತ್ತಿದ್ದರು. ತಪ್ಪಿದ್ದ ಹಾಳೆ, ತಿದ್ದಿದ ಹಾಳೆ ಎರಡೂ ಒಂದೇ ರಾಶಿಗೆ ಬೀಳುತ್ತಿದ್ದವು. ಕೊನೆಗೆ ಪುಸ್ತಕ ಕಟ್ಟುವಾಗ ಯಾವ ಹಾಳೆ ಕೈಗೆ ಬಂತೋ ಅದು. ಹಾಗಾಗಿ ಒಂದು ಪ್ರತಿಯಲ್ಲಿ ಹತ್ತನೇ ಪುಟ ತಿದ್ದಿದ್ದು, ನೂರನೇ ಪುಟ ತಿದ್ದದೇ ಇರುವುದು. ಪಕ್ಕದ ಪ್ರತಿಯಲ್ಲಿ ಅದು ಉಲ್ಟಾ. ಸುಮಾರು 900 ಪುಟದ ಪುಸ್ತಕದಲ್ಲಿ ಹೀಗೆ ಆದರೆ ಎಲ್ಲ ರೀತಿಯಲ್ಲೂ ಒಂದೇ ಥರ ಇರುವ ಎರಡು ಪ್ರತಿ ಸಿಗುವುದು ಕಷ್ಟ.

ನಮ್ಮ ಓಲೆಗರಿಗಳ ವಿಷಯದಲ್ಲಿ ಇದು ನಮಗೆ ಗೊತ್ತು. ಬರೆದವರ ಕೈ ಬದಲಾದಂತೆ ಪಾಠಾಂತರ, ಅಂದರೆ ಅದೇ ಸಾಲಿನ ಬೇರೆ ರೂಪ, ಹುಟ್ಟುತ್ತದೆ. ಹತ್ತು ಪ್ರತಿ ಎದುರಿಗಿಟ್ಟುಕೊಂಡು ನೋಡಿದರೆ ಮಾತ್ರ ಕವಿ ಏನು ಬರೆದಿದ್ದ ಎಂದು ಊಹಿಸಲು ಆಗುತ್ತದೆ. ಅಚ್ಚಿನ ಪುಸ್ತಕಕ್ಕೂ ಈ ಕಾಟ ಇದೆ ಅನ್ನುವುದು ಮಾತ್ರ ನಮಗೆ ಹೊಳೆಯುವುದಿಲ್ಲ.

ಒಂದು ಅಕ್ಷರದಿಂದ ಏನಾಗುತ್ತದೆ ಅನ್ನುವುದಕ್ಕೆ ‘ಒಥೆಲೋ’ ನೋಡಿ. ಸಾಯುವ ಮೊದಲು ಒಥೆಲೋ ತನ್ನನ್ನು ಯಾರಿಗೋ ಹೋಲಿಸಿಕೊಳ್ಳುತ್ತಾನೆ. ಬೆಲೆ ಕಟ್ಟಲಾಗದ ಮುತ್ತನ್ನು ಬಿಸಾಡಿದ ಒಬ್ಬ ಕೀಳು ಮನುಷ್ಯನಿಗೆ. ಯಾರು ಆ ಮನುಷ್ಯ? 1622ರಲ್ಲಿ ಬಂದ ಬಿಡಿ ಪುಸ್ತಕದಲ್ಲಿ ಅವನು ‘ಇಂಡಿಯನ್’. ಮಾರನೇ ವರ್ಷ ಬಂದ ಫಸ್ಟ್ ಫೋಲಿಯೋದಲ್ಲಿ ಅವನು ‘ಜುಡಿಯನ್’, ಅಂದರೆ ಜುಡಿಯಾ ದೇಶದವನು. ಇಂಗ್ಲಿಷಿನ ‘ಎನ್’ ಮೊಳೆಯನ್ನು ತಲೆಕೆಳಗಾಗಿ ಕೂರಿಸಿದರೆ ‘ಯು’ ಥರ ಕಾಣುತ್ತದೆ. ಆ ಕಾಲದಲ್ಲಿ ದೊಡ್ಡಕ್ಷರದ ‘ಐ’ ಮತ್ತು ‘ಜೆ’ಗೆ ಒಂದೇ ಮೊಳೆ. ಅಲ್ಲಿಗೆ ಇಂಡಿಯನ್‌ಗೂ ಜುಡಿಯನ್‌ಗೂ ಇರುವ ದೂರ ಒಂದು ತಲೆಕೆಳಗಾದ ಮೊಳೆ, ಇನ್ನೊಂದು ಅಕ್ಷರದ ವ್ಯತ್ಯಾಸ, ಅಷ್ಟೇ. ಒಂದು ಪಾಠದಲ್ಲಿ ಮುತ್ತಿನ ಬೆಲೆ ತಿಳಿಯದ ಅಮಾಯಕ. ಇನ್ನೊಂದರಲ್ಲಿ ಯೇಸುವಿಗೆ ದ್ರೋಹ ಮಾಡಿದ ಜುದಾಸನ ನೆರಳು. ಒಥೆಲೋ ತಾನು ತಿಳಿಯದೆ ಮಾಡಿದೆ ಅನ್ನುತ್ತಿದ್ದಾನೋ, ದ್ರೋಹ ಮಾಡಿದೆ ಅನ್ನುತ್ತಿದ್ದಾನೋ? ಸಂಪಾದಕರು ಇವತ್ತಿಗೂ ಜಗಳ ಆಡುತ್ತಿದ್ದಾರೆ.

ಈಗ ಫೋಲ್ಜರ್ ಕಡೆಗೆ ಬರೋಣ.

ಆತ ಹುಟ್ಟಿನಿಂದ ಸಾಹುಕಾರನಲ್ಲ. 1857ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ. ಆಮರ್ಸ್ಟ್ ಕಾಲೇಜಿನಲ್ಲಿ ಓದಿದ. ಅಲ್ಲಿ 1879ರಲ್ಲಿ ಅಮೆರಿಕದ ಹೆಸರಾಂತ ಲೇಖಕ, ವಯಸ್ಸಾದ ಎಮರ್ಸನ್ ಒಂದು ಭಾಷಣ ಮಾಡಿದರು. ಅದನ್ನು ಕೇಳಿ ಬಂದವನು ಎಮರ್ಸನ್ ಷೇಕ್ಸ್‌ಪಿಯರ್ ಬಗ್ಗೆ ಬರೆದದ್ದನ್ನು ಹುಡುಕಿ ಓದಿದ. ಗೀಳು ಅಲ್ಲಿಂದ ಹತ್ತಿತು. ಹೊಟ್ಟೆಪಾಡಿಗೆ ಸಹಪಾಠಿಯ ತಂದೆಯ ಎಣ್ಣೆ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡ. ಕೆಲಸ ಮಾಡುತ್ತಲೇ ಕಾನೂನು ಓದಿದ. ಆ ಕಂಪನಿ ರಾಕ್‌ಫೆಲ್ಲರನ ಸ್ಟ್ಯಾಂಡರ್ಡ್ ಆಯಿಲ್‌ಗೆ ಸೇರಿತ್ತು. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋದ. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಟ್ಯಾಂಡರ್ಡ್ ಆಯಿಲನ್ನು ತುಂಡು ತುಂಡು ಮಾಡಿಸಿತು. ಆಗ ನ್ಯೂಯಾರ್ಕ್ ತುಂಡಿಗೆ ಈತನೇ ಅಧ್ಯಕ್ಷನಾದ. ಈ ಲೈಬ್ರರಿಯ ಬುಡದಲ್ಲಿರುವುದು ಆ ದುಡ್ಡು ಅನ್ನುವುದನ್ನು ಮರೆಯಬಾರದು. ಪೈಪೋಟಿಯೇ ಇಲ್ಲದ ಹಾಗೆ ಮಾಡಿ ಸಂಪಾದಿಸಿದ್ದಾರೆ ಎಂದು ಕೋರ್ಟೇ ತಪ್ಪು ಹಿಡಿದ ಕಂಪನಿಯ ದುಡ್ಡು.

1885ರಲ್ಲಿ ಎಮಿಲಿ ಜೋರ್ಡನ್ ಜೊತೆ ಮದುವೆ. ಎಮಿಲಿಯನ್ನು ‘ಪತ್ನಿ’ ಅಂತ ಒಂದು ಸಾಲಿನಲ್ಲಿ ಮುಗಿಸುವವರೇ ಜಾಸ್ತಿ. ಅದು ಅನ್ಯಾಯ. ಈಕೆ ವಾಸರ್ ಕಾಲೇಜಿನಲ್ಲಿ ಓದಿದವಳು. 1896ರಲ್ಲಿ ಅಲ್ಲೇ ಎಂ.ಎ. ಮಾಡಿದಳು. ಪ್ರಬಂಧದ ವಿಷಯ ಷೇಕ್ಸ್‌ಪಿಯರನ ನಿಜವಾದ ಪಾಠ ಯಾವುದು ಎನ್ನುವುದು. ಅಂದರೆ ನಾವು ಈಗ ಮಾತಾಡುತ್ತಿರುವ ಇದೇ ಸಮಸ್ಯೆ. ಪುಸ್ತಕದ ವ್ಯಾಪಾರಿಗಳು ಕಳಿಸುತ್ತಿದ್ದ ಪಟ್ಟಿಗಳನ್ನು ಓದಿ ಗುರುತು ಹಾಕುವುದು, ಬಂದದ್ದನ್ನೆಲ್ಲ ಬರೆದಿಡುವುದು ಆಕೆಯ ಕೆಲಸ. ಇಬ್ಬರಿಗೂ ಮಕ್ಕಳಿರಲಿಲ್ಲ.

ಫೋಲ್ಜರ್ ಮೊದಲು ಕೊಂಡ ಹಳೇ ಪುಸ್ತಕ 1685ರ ನಾಲ್ಕನೇ ಫೋಲಿಯೋ, ಅಂದರೆ ಅದೇ ಸಂಪುಟದ ನಾಲ್ಕನೇ ಮುದ್ರಣ. 1889ರಲ್ಲಿ ಹರಾಜಿನಲ್ಲಿ 107 ಡಾಲರ್ 50 ಸೆಂಟಿಗೆ ಕೂಗಿದ. ಅಷ್ಟು ಹಣ ಒಟ್ಟಿಗೆ ಇರಲಿಲ್ಲ, ಕಂತಿನಲ್ಲಿ ತೀರಿಸಿದ. ಹದಿನಾಲ್ಕು ವರ್ಷ ಆದ ಮೇಲೆ, 1903ರಲ್ಲಿ, ಅದೇ ಮನುಷ್ಯ ಒಂದು ಫಸ್ಟ್ ಫೋಲಿಯೋಗೆ 10,000 ಪೌಂಡ್ ಕೊಟ್ಟ. ಆ ಪ್ರತಿಯ ಕಥೆ ಚೆನ್ನಾಗಿದೆ. ಅದನ್ನು ಅಚ್ಚು ಹಾಕಿದ ವಿಲಿಯಂ ಜಗಾರ್ಡ್ ತಾನೇ ಕೈಯಾರೆ ಆಗಸ್ಟೀನ್ ವಿನ್ಸೆಂಟ್ ಎಂಬ ಗೆಳೆಯನಿಗೆ ಕೊಟ್ಟಿದ್ದ. ವಿನ್ಸೆಂಟ್ ಅದರಲ್ಲೇ ಹಾಗೆ ಬರೆದಿಟ್ಟಿದ್ದ. 1891ರಲ್ಲಿ ಅದು ಸಿಕ್ಕಿದ್ದು ಇಂಗ್ಲೆಂಡಿನ ಒಂದು ಹಳ್ಳಿ ಬಂಗಲೆಯ ಗಾಡಿಮನೆಯಲ್ಲಿ. ಅಲ್ಲಿದ್ದ ಆಳು ಅದನ್ನು, ಇದರಲ್ಲೇನೂ ಇಲ್ಲ, ಹಳೇ ಪದ್ಯ ಅಷ್ಟೇ ಅಂತ ಪಕ್ಕಕ್ಕೆ ಹಾಕಿದನಂತೆ. ಮಾಲೀಕ ಮಾರಲು ಒಪ್ಪಲಿಲ್ಲ. ಫೋಲ್ಜರ್ ಬಿಡಲಿಲ್ಲ. ಬೆಲೆ ಏರಿಸುತ್ತಾ ಏರಿಸುತ್ತಾ ವರ್ಷಗಟ್ಟಲೆ ಕಾದ.

ಬೇಟೆಯ ರೀತಿಯೇ ಹಾಗೆ. 1902ರಲ್ಲಿ ಸಿಡ್ನಿ ಲೀ ಎಂಬ ವಿದ್ವಾಂಸ ಯಾವ ಪ್ರತಿ ಯಾರ ಮನೆಯಲ್ಲಿದೆ ಎಂದು ಪಟ್ಟಿ ಮಾಡಿ ಪ್ರಕಟಿಸಿದ. ಪಾಪ, ಅದು ವಿದ್ವತ್ತಿಗೆ ಮಾಡಿದ ಕೆಲಸ. ಫೋಲ್ಜರ್ ಅದನ್ನು ಸಂತೆಗೆ ಹೋಗುವಾಗ ಹಿಡಿದುಕೊಳ್ಳುವ ಚೀಟಿಯ ಹಾಗೆ ಬಳಸಿಕೊಂಡ. ವ್ಯಾಪಾರಿಗಳ ಮೂಲಕ ವಿಚಾರಿಸುತ್ತಿದ್ದ. ಸಾಧ್ಯವಾದಷ್ಟು ತನ್ನ ಹೆಸರು ಹೊರಗೆ ಬಾರದಂತೆ ನೋಡಿಕೊಳ್ಳುತ್ತಿದ್ದ. ಹೆಸರು ಗೊತ್ತಾದರೆ ಬೆಲೆ ಏರುತ್ತದೆ, ನಮ್ಮೂರಿನ ಸೈಟ್ ವ್ಯಾಪಾರದಲ್ಲಿ ಆಗುವ ಹಾಗೆ. ‘ಟೈಟಸ್ ಆಂಡ್ರೋನಿಕಸ್’ ನಾಟಕದ 1594ರ ಬಿಡಿ ಪುಸ್ತಕ ಸ್ವೀಡನ್ನಿನಲ್ಲಿ ಪತ್ತೆಯಾದಾಗ 2,000 ಪೌಂಡ್ ಕೊಟ್ಟು ಎತ್ತಿಕೊಂಡ. ಅದರ ಇನ್ನೊಂದು ಪ್ರತಿ ಈವರೆಗೆ ಎಲ್ಲೂ ಸಿಕ್ಕಿಲ್ಲ.

ಒಂದು ಸಲ ಮಾತ್ರ ಇಂಗ್ಲೆಂಡ್ ತಿರುಗಿಬಿತ್ತು. ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಗೆ ಫಸ್ಟ್ ಫೋಲಿಯೋ ಹೊಸದಾಗಿ ಬಂದಾಗಲೇ ಒಂದು ಪ್ರತಿ ಸಿಕ್ಕಿತ್ತು. 1664ರ ಹೊತ್ತಿಗೆ ಮೂರನೇ ಫೋಲಿಯೋ ಬಂತು. ಹೊಸದು ಬಂದ ಮೇಲೆ ಹಳೆಯದು ಯಾಕೆ ಅಂತ ಲೈಬ್ರರಿಯವರು ಮಾರಿಬಿಟ್ಟರು! 1905ರಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಮನೆಯ ಹಳೇ ಪುಸ್ತಕದ ರಟ್ಟಿನ ಬಗ್ಗೆ ಕೇಳಲು ಬಾಡ್ಲಿಯನ್‌ಗೆ ಬಂದ. ನೋಡಿದರೆ ತಮ್ಮದೇ ಪ್ರತಿ. ಅಷ್ಟರಲ್ಲಿ ಹೆಸರು ಹೇಳದ ಯಾರೋ 3,000 ಪೌಂಡ್ ಕೊಡುತ್ತೇನೆ ಅಂದರು. ಆ ‘ಯಾರೋ’ ಫೋಲ್ಜರ್. ಬಾಡ್ಲಿಯನ್ ಹತ್ತಿರ ಅಷ್ಟು ದುಡ್ಡಿಲ್ಲ. ಸಾರ್ವಜನಿಕರಿಂದ ಚಂದಾ ಎತ್ತಿ 1906ರಲ್ಲಿ ಉಳಿಸಿಕೊಂಡರು. ಆ ಪ್ರತಿ ಕೈತಪ್ಪದೆ ಇದ್ದದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನಿಸುತ್ತದೆ. ಅದರಲ್ಲಿ ಯಾವ ಪುಟಗಳು ಬೆರಳಿನಿಂದ ಹೆಚ್ಚು ಸವೆದಿವೆ ಗೊತ್ತಾ? ‘ರೋಮಿಯೋ ಅಂಡ್ ಜೂಲಿಯೆಟ್’ ಪುಟಗಳು. 17ನೇ ಶತಮಾನದ ಆಕ್ಸ್‌ಫರ್ಡ್ ಹುಡುಗರು ಏನು ಓದುತ್ತಿದ್ದರು ಅನ್ನುವುದಕ್ಕೆ ಬೇರೆ ದಾಖಲೆ ಬೇಕೇ?

ಇಷ್ಟೆಲ್ಲ ಕೊಂಡು ಏನು ಮಾಡಿದ? ಪೆಟ್ಟಿಗೆಗೆ ತುಂಬಿಸಿ ಗೋದಾಮಿಗೆ ಹಾಕಿದ. ದಂಪತಿ ಬಹಳ ಕಾಲ ಇದ್ದದ್ದು ಬ್ರೂಕ್ಲಿನ್ನಿನ ಬಾಡಿಗೆ ಮನೆಯಲ್ಲಿ. ಅಲ್ಲಿ ಇಷ್ಟಕ್ಕೆ ಜಾಗ ಎಲ್ಲಿ? ವಿದ್ವಾಂಸರು ಪತ್ರ ಬರೆದು ನೋಡಲು ಕೇಳಿದರೆ ಪುಸ್ತಕ ಪೆಟ್ಟಿಗೆಯಲ್ಲಿದೆ, ತೆಗೆಯಲಾಗದು ಎಂಬ ಉತ್ತರ. ಬ್ರಿಟನ್ನಿನ ಮನೆಗಳಲ್ಲಿದ್ದಾಗ ಕೇಳಿಕೊಂಡು ನೋಡಬಹುದಾಗಿದ್ದ ಪ್ರತಿಗಳು ಈಗ ಯಾರಿಗೂ ಸಿಗದಂತಾದವು. ಆತ ಉದಾರಿ ಎಂದು ಬರೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಎಷ್ಟೋ ವರ್ಷ ಈತನ ಸಂಗ್ರಹದಿಂದ ವಿದ್ವತ್ತಿಗೆ ಆದದ್ದು ಲಾಭಕ್ಕಿಂತ ನಷ್ಟವೇ ಜಾಸ್ತಿ.

ಆದರೆ ತಲೆಯಲ್ಲಿ ಒಂದು ಯೋಜನೆ ಇತ್ತು. ಎಲ್ಲವನ್ನೂ ಒಂದೇ ಕಡೆ ಇಟ್ಟು ದೇಶಕ್ಕೆ ಕೊಡಬೇಕು. ಇದೇ ಕಾಲದಲ್ಲಿ ರೈಲ್ವೆಯಲ್ಲಿ ದುಡ್ಡು ಮಾಡಿದ ಹೆನ್ರಿ ಹಂಟಿಂಗ್ಟನ್ ಕ್ಯಾಲಿಫೋರ್ನಿಯಾದಲ್ಲಿ ತನ್ನ ಲೈಬ್ರರಿ ಕಟ್ಟುತ್ತಿದ್ದ. ಅವನು ಇಡೀ ಇಡೀ ಸಂಗ್ರಹಗಳನ್ನೇ ಸಗಟಾಗಿ ಎತ್ತುತ್ತಿದ್ದವನು. ಫೋಲ್ಜರ್ ವಾಷಿಂಗ್ಟನ್ನಿನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಪಕ್ಕದ ಜಾಗ ಆರಿಸಿಕೊಂಡ. ಅಲ್ಲಿದ್ದ ಸಾಲುಮನೆಗಳನ್ನು ಒಂದೊಂದಾಗಿ, ಸುಮಾರು ಒಂಬತ್ತು ವರ್ಷ, ಸದ್ದಿಲ್ಲದೆ ಕೊಂಡ. ಫೋಲಿಯೋ ಕೊಂಡ ಹಾಗೆಯೇ. ಎಲ್ಲ ಮುಗಿಯಿತು ಅನ್ನುವಾಗ ಸರ್ಕಾರ ತನ್ನ ಲೈಬ್ರರಿಯನ್ನು ದೊಡ್ಡದು ಮಾಡಲು ಅದೇ ಜಾಗ ತೆಗೆದುಕೊಳ್ಳುತ್ತದೆ ಎಂಬ ಸುದ್ದಿ ಬಂತು. ಆಗ ಗುಟ್ಟು ಬಿಡಲೇಬೇಕಾಯಿತು. ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥ ಹರ್ಬರ್ಟ್ ಪುಟ್ನಂಗೆ ಪತ್ರ ಬರೆದ. 1928ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ಮಾಡಿ ಆ ಜಾಗ ಬಿಟ್ಟುಕೊಟ್ಟಿತು.

1930ರ ಮೇ 28ರಂದು ಅಡಿಗಲ್ಲು. ಎರಡು ವಾರಕ್ಕೆ, ಜೂನ್ 11ರಂದು, ಫೋಲ್ಜರ್ ತೀರಿಕೊಂಡ. ತನ್ನ ಎಲ್ಲ ಪುಸ್ತಕಗಳನ್ನು ಒಂದೇ ಸೂರಿನಡಿ ಆತ ನೋಡಲೇ ಇಲ್ಲ. ಲೈಬ್ರರಿ ನಡೆಸುವ ಜವಾಬ್ದಾರಿಯನ್ನು ಉಯಿಲಿನಲ್ಲಿ ಆಮರ್ಸ್ಟ್ ಕಾಲೇಜಿಗೆ ವಹಿಸಿದ್ದ. ಕಾಲೇಜಿನವರಿಗೆ ಅದು ಪತ್ರಿಕೆ ಓದಿಯೇ ಗೊತ್ತಾಯಿತಂತೆ. 1929ರ ಷೇರುಪೇಟೆ ಕುಸಿತದಿಂದ ಆಸ್ತಿ ಕರಗಿತ್ತು. ಎಮಿಲಿ ತನ್ನ ಪಾಲಿನಿಂದ 30 ಲಕ್ಷ ಡಾಲರಿಗೂ ಜಾಸ್ತಿ ಮೌಲ್ಯದ ಷೇರು, ಬಾಂಡು ಕೊಟ್ಟು ಕೆಲಸ ಮುಗಿಸಿದಳು. 1932ರ ಏಪ್ರಿಲ್ 23, ಷೇಕ್ಸ್‌ಪಿಯರನ ಹುಟ್ಟುಹಬ್ಬ ಅಂತ ಆಚರಿಸುವ ದಿನ, ಅಮೆರಿಕದ ಅಧ್ಯಕ್ಷ ಹೂವರ್ ಎದುರಿಗೆ ಬಾಗಿಲು ತೆರೆಯಿತು. ದಂಪತಿಯ ಚಿತಾಭಸ್ಮ ಅಲ್ಲಿನ ಓದುವ ಕೋಣೆಯ ಗೋಡೆಯಲ್ಲೇ ಇದೆ.

ಸಂಶೋಧನಾ ಲೈಬ್ರರಿ ಅಂದರೆ ಮನೆಗೆ ಪುಸ್ತಕ ಕೊಡುವ ಜಾಗವಲ್ಲ. ಪುಸ್ತಕ ನೆಲಮಾಳಿಗೆಯ ಕೋಣೆಯಲ್ಲಿ, ಹದವಾದ ತಂಪಿನಲ್ಲಿ ಇರುತ್ತದೆ. ನೀವು ಕೇಳಿದರೆ ಮೇಜಿಗೆ ತಂದುಕೊಡುತ್ತಾರೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಈ ಥರದ ಜಾಗದಿಂದ ಏನು ಬರುತ್ತದೆ ಎಂದು ತೋರಿಸಿದವನು ಚಾರ್ಲ್‌ಟನ್ ಹಿನ್ಮನ್.

ಹಿನ್ಮನ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯಲ್ಲಿ ಗುಪ್ತಲಿಪಿ ಬಿಡಿಸುತ್ತಿದ್ದವನು. ಯುದ್ಧ ಮುಗಿದ ಮೇಲೆ ಒಂದು ಯಂತ್ರ ಮಾಡಿದ. ಒಂದು ಪಕ್ಕದಲ್ಲಿ ಒಂದು ಪ್ರತಿಯ ಪುಟ, ಇನ್ನೊಂದು ಪಕ್ಕದಲ್ಲಿ ಬೇರೆ ಪ್ರತಿಯ ಅದೇ ಪುಟ. ಕನ್ನಡಿಗಳ ಮೂಲಕ ಎರಡೂ ಒಂದರ ಮೇಲೊಂದು ಬಿದ್ದಂತೆ ಕಾಣುತ್ತವೆ. ದೀಪ ಒಮ್ಮೆ ಇದರ ಮೇಲೆ, ಒಮ್ಮೆ ಅದರ ಮೇಲೆ ಬೆಳಗುತ್ತದೆ. ಎರಡು ಪುಟ ಒಂದೇ ಆಗಿದ್ದರೆ ಕಣ್ಣಿಗೆ ಒಂದೇ ಪುಟ, ಅಲುಗದೆ ನಿಂತಿರುತ್ತದೆ. ಒಂದು ಅಲ್ಪವಿರಾಮ ಬೇರೆಯಾಗಿದ್ದರೂ ಅದು ಅಲ್ಲೇ ಕುಣಿಯುತ್ತದೆ. ಖಗೋಳ ವಿಜ್ಞಾನಿಗಳು ಎರಡು ರಾತ್ರಿಯ ಫೋಟೋಗಳನ್ನು ಹೋಲಿಸುವುದೂ ಇದೇ ಉಪಾಯದಿಂದ. 1930ರಲ್ಲಿ ಪ್ಲೂಟೋ ಸಿಕ್ಕಿದ್ದು ಹಾಗೆಯೇ.

ಫೋಲ್ಜರ್ ಲೈಬ್ರರಿಯಲ್ಲಿ ಕೂತು ಹಿನ್ಮನ್ ಸುಮಾರು 55 ಪ್ರತಿಗಳನ್ನು ಹೀಗೆ ಹೋಲಿಸಿದ. ಫಲಿತಾಂಶ 1963ರಲ್ಲಿ ಎರಡು ಸಂಪುಟಗಳಾಗಿ ಬಂತು. ಈ ಕೆಲಸ ಒಂದೇ ಸೂರಿನಡಿ ಇಷ್ಟು ಪ್ರತಿ ಇರದಿದ್ದರೆ ಆಗುತ್ತಿರಲಿಲ್ಲ. ಲಂಡನ್ನಿನಲ್ಲಿ ಒಂದು, ಬೇರೆ ದೇಶದಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಒಂದೇ ಯಂತ್ರದ ಎರಡು ಪಕ್ಕ ಇಡುವುದು ಹೇಗೆ?

ಏನು ಸಿಕ್ಕಿತು? ತಿದ್ದಿದ ಜಾಗಗಳಲ್ಲಿ ಹೆಚ್ಚಿನವು ಸಣ್ಣಪುಟ್ಟವು. ತಿರುಗಿದ ಮೊಳೆ, ಬಿಟ್ಟುಹೋದ ಚಿಹ್ನೆ. ಷೇಕ್ಸ್‌ಪಿಯರನ ಕಳೆದುಹೋದ ಸಾಲುಗಳು ಸಿಗುತ್ತವೆ ಎಂದು ಯಾರಾದರೂ ಕಾದಿದ್ದರೆ ನಿರಾಸೆ. ಆದರೆ ಹಿನ್ಮನ್ ಇನ್ನೊಂದು ಕೆಲಸ ಮಾಡಿದ. ಮೂಲೆ ಮುರಿದ, ಬಾಗಿದ, ಗುರುತು ಹಿಡಿಯಬಹುದಾದ ನೂರಾರು ಮೊಳೆಗಳನ್ನು ಪುಟದಿಂದ ಪುಟಕ್ಕೆ ಹಿಂಬಾಲಿಸಿದ. ಒಂದು ಪುಟ ಅಚ್ಚಾಗಿ ಮೊಳೆ ಬಿಚ್ಚಿದ ಮೇಲೆ ತಾನೇ ಅದೇ ಮೊಳೆ ಇನ್ನೊಂದು ಪುಟಕ್ಕೆ ಬರುವುದು? ಅದರಿಂದ ಯಾವ ಪುಟ ಮೊದಲು, ಯಾವುದು ಆಮೇಲೆ ಎಂದು ಲೆಕ್ಕ ಸಿಕ್ಕಿತು. ಮತ್ತು ಒಂದು ಅಚ್ಚರಿ ಹೊರಬಂತು. ಪುಟಗಳನ್ನು 1, 2, 3 ಎಂದು ಜೋಡಿಸಿರಲೇ ಇಲ್ಲ.

ಮೂರು ಹಾಳೆಯನ್ನು ಒಂದರೊಳಗೊಂದು ಇಟ್ಟು ಮಡಚಿ ನೋಡಿ. 12 ಪುಟ ಆಗುತ್ತದೆ. ತೀರಾ ಒಳಗಿನ ಹಾಳೆಯ ಒಳಮೈಯಲ್ಲಿ 6 ಮತ್ತು 7ನೇ ಪುಟ ಅಕ್ಕಪಕ್ಕ ಇರುತ್ತವೆ. ಅದರ ಹೊರಮೈಯಲ್ಲಿ 5 ಮತ್ತು 8. ಜಗಾರ್ಡನ ಪ್ರೆಸ್ಸಿನಲ್ಲಿ ಮೊದಲು ಜೋಡಿಸುತ್ತಿದ್ದದ್ದು 6 ಮತ್ತು 7. ಆಮೇಲೆ 5 ಮತ್ತು 8, ಹೀಗೆ ಹೊರಕ್ಕೆ. ಹಾಗೆ ಮಾಡಿದರೆ ಕಡಿಮೆ ಮೊಳೆ ಸಾಕು. ಆದರೆ 6ನೇ ಪುಟ ಎಲ್ಲಿಂದ ಶುರುವಾಗುತ್ತದೆ ಎಂದು 1ನೇ ಪುಟ ಜೋಡಿಸುವ ಮೊದಲೇ ಅಂದಾಜು ಮಾಡಬೇಕು. ಅಂದಾಜು ತಪ್ಪಿದರೆ? ಸಾಲು ಜಾಸ್ತಿಯಾದರೆ ಪದ್ಯವನ್ನು ಗದ್ಯದ ಹಾಗೆ ಒತ್ತಿ ತುರುಕುತ್ತಾರೆ. ಕಡಿಮೆಯಾದರೆ ಒಂದು ಸಾಲನ್ನು ಎರಡು ಮಾಡಿ ಎಳೆಯುತ್ತಾರೆ. ಇಲ್ಲಿ ಕವಿ ಬೇಕೆಂದೇ ಲಯ ಮುರಿದಿದ್ದಾನೆ ಎಂದು ವಿಮರ್ಶಕರು ಹೊಗಳುವಾಗ ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಕೆಲವು ಕಡೆ ಅದು ಕವಿಯದಲ್ಲ, ಜಾಗ ಸಾಲದೆ ಬೆವರಿದ ಮೊಳೆ ಜೋಡಿಸುವವನ ಕೆಲಸ.

ಆ ಜೋಡಿಸುವವರ ಕೈಯನ್ನೂ ಗುರುತು ಹಿಡಿದರು. ಆಗ ಇಂಗ್ಲಿಷಿಗೆ ಕಟ್ಟುನಿಟ್ಟಾದ ಕಾಗುಣಿತ ಇರಲಿಲ್ಲ. ಒಬ್ಬ ‘ಡೂ’, ‘ಗೋ’ ಪದಗಳ ಕೊನೆಗೆ ಒಂದು ‘ಇ’ ಸೇರಿಸುತ್ತಿದ್ದ, ಇನ್ನೊಬ್ಬ ಸೇರಿಸುತ್ತಿರಲಿಲ್ಲ. ಹೀಗೆ ಅಭ್ಯಾಸ ನೋಡಿ ವಿದ್ವಾಂಸರು ಅವರಿಗೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟರು. ಹಿನ್ಮನ್ ಪತ್ತೆ ಮಾಡಿದ ‘ಇ’ ಎಂಬುವನು ತೀರಾ ಹೊಸಬ, ಕಲಿಯಲು ಬಂದ ಹುಡುಗ ಇರಬೇಕು. ಅವನು ಜೋಡಿಸಿದ್ದು ದುರಂತ ನಾಟಕಗಳ ಭಾಗದಲ್ಲಿ. ಕರಡು ತಿದ್ದಿದ ಗುರುತು ಜಾಸ್ತಿ ಇರುವುದೂ ಅವನ ಪುಟಗಳಲ್ಲೇ. ಅಂದರೆ ಜಗತ್ತು ತಲೆಮೇಲೆ ಹೊತ್ತುಕೊಂಡಿರುವ ಕೆಲವು ಸಾಲುಗಳು ನಮಗೆ ಬಂದಿರುವುದು ಮೊಳೆ ಎಲ್ಲಿದೆ ಎಂದು ತಡಕಾಡುತ್ತಿದ್ದ ಒಬ್ಬ ಹುಡುಗನ ಕೈಯಿಂದ.

1968ರಲ್ಲಿ ಹಿನ್ಮನ್ ಫೋಲ್ಜರ್ ಪ್ರತಿಗಳಿಂದ ಚೆನ್ನಾಗಿ ಅಚ್ಚಾದ, ತಿದ್ದಿದ ಪುಟಗಳನ್ನೇ ಆರಿಸಿ ಅವುಗಳ ಫೋಟೋಗಳಿಂದ ಒಂದು ಪೂರ್ತಿ ಪುಸ್ತಕ ಮಾಡಿದ. ಫಸ್ಟ್ ಫೋಲಿಯೋ ಹೇಗಿರಬೇಕಿತ್ತೋ ಹಾಗೆ. ತಮಾಷೆ ಅಂದರೆ ಅಂಥ ಪುಸ್ತಕ 1623ರಲ್ಲಿ ಯಾರ ಕೈಯಲ್ಲೂ ಇರಲಿಲ್ಲ.

ಲೈಬ್ರರಿ ಕೆಲವು ವರ್ಷ ಮುಚ್ಚಿ ದುರಸ್ತಿಯಾಗಿ 2024ರ ಜೂನ್‌ನಲ್ಲಿ ಮತ್ತೆ ತೆರೆಯಿತು. ಈಗ 82 ಪ್ರತಿಗಳನ್ನೂ ಗಾಜಿನ ಹಿಂದೆ ಒಟ್ಟಿಗೆ ಇಟ್ಟಿದ್ದಾರೆ, ಯಾರು ಬೇಕಾದರೂ ಹೋಗಿ ನೋಡಬಹುದು. ಅವುಗಳಲ್ಲಿ ಪುಟ ಹರಿದವು, ಅರ್ಧ ಉಳಿದವು ಎಲ್ಲ ಇವೆ.

ಆ ಸಂಖ್ಯೆ 83 ಆಗುವ ಹಾಗೆ ಕಂಡ ದಿನವೂ ಒಂದಿತ್ತು. 2008ರಲ್ಲಿ ಇಂಗ್ಲೆಂಡಿನಿಂದ ಒಬ್ಬ ಮನುಷ್ಯ ಒಂದು ಹಳೇ ಪುಸ್ತಕ ಹಿಡಿದುಕೊಂಡು ಫೋಲ್ಜರ್‌ಗೆ ಬಂದ. ಕ್ಯೂಬಾದಲ್ಲಿ ಸಿಕ್ಕಿತು, ಇದು ಅಸಲಿಯೇ ನೋಡಿ ಹೇಳಿ ಅಂದ. ರಟ್ಟು ಇರಲಿಲ್ಲ. ಮೊದಲ ಪುಟಗಳು ಕಿತ್ತಿದ್ದವು. ಲೈಬ್ರರಿಯವರು ನೋಡಿದರು. ಅಸಲಿ ಫಸ್ಟ್ ಫೋಲಿಯೋ, ಅನುಮಾನವೇ ಇಲ್ಲ. ಆದರೆ ಅಸಲಿಯಾದರೆ ಯಾರದ್ದು? 82 ಪ್ರತಿ ಜೊತೆ ದಿನಾ ಬದುಕುವವರಿಗೆ ಪ್ರತಿ ಪುಸ್ತಕಕ್ಕೂ ಅದರದೇ ಅಳತೆ, ಕಲೆ, ಗುರುತು ಇರುತ್ತದೆ ಅನ್ನುವುದು ಗೊತ್ತು. ಹಳೇ ದಾಖಲೆಗಳ ಜೊತೆ ಹೋಲಿಸಿದರು. ಇದು 1998ರಲ್ಲಿ ಡರ್ಹಮ್ ವಿಶ್ವವಿದ್ಯಾಲಯದಿಂದ ಕಳುವಾದ ಪ್ರತಿ. ಪೊಲೀಸರಿಗೆ ಸುದ್ದಿ ಹೋಯಿತು. 2010ರಲ್ಲಿ ಕದ್ದ ಮಾಲು ಇಟ್ಟುಕೊಂಡ ಅಪರಾಧಕ್ಕೆ ಆತನಿಗೆ ಜೈಲಾಯಿತು. ಪುಸ್ತಕ ಡರ್ಹಮ್‌ಗೆ ವಾಪಸ್ ಹೋಯಿತು. ಫೋಲ್ಜರ್‌ನ ಲೆಕ್ಕ 82ರಲ್ಲೇ ನಿಂತಿತು.